ದೇವೀರಿಯೂ ಚಿನ್ನದ ಮೊರವೂ

ಆನೆಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಧವಳಾವತಿ ಎಂಬ ರಾಜ್ಯವಿತ್ತು. ಅಲ್ಲಿನವರಿಗೆ ಬಿಳಿ ಎಂದರೆ ಪ್ರಾಣ. ಗೋಡೆ ಬಿಳಿ, ಪಂಚೆ ಬಿಳಿ, ಅನ್ನವಂತೂ ಮಲ್ಲಿಗೆಗಿಂತ ಬಿಳಿ. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖವನ್ನು ಆಮೇಲೆ ನೋಡುತ್ತಿದ್ದರು. ಮೊದಲು ಆ ಮನೆಯ ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸುತ್ತಿದ್ದರು.

ಈ ಹುಚ್ಚನ್ನು ಕಂಡೇ ಶೂರ್ಪಕನೆಂಬ ಮಾಂತ್ರಿಕ ಅರಮನೆಗೆ ಬಂದ. ಅವನ ಕೈಯಲ್ಲೊಂದು ಚಿನ್ನದ ಮೊರ. ಒಮ್ಮೆ ಕೇರಿದರೆ ಸಾಕು, ಅಕ್ಕಿ ಒಂದು ಕಡೆ, ತೌಡು ಒಂದು ಕಡೆ. ಬೇಳೆ ಒಂದು ಕಡೆ, ಸಿಪ್ಪೆ ಒಂದು ಕಡೆ.

"ರಾಜ್ಯದ ಅಕ್ಕಿಯನ್ನೆಲ್ಲ ಮುತ್ತು ಮಾಡಿಕೊಡುತ್ತೇನೆ. ಪ್ರತಿಯಾಗಿ ನೀವು ಬಿಸಾಡುವುದೆಲ್ಲ ನನಗಿರಲಿ. ತೌಡು, ಸೊಪ್ಪು, ಹುಳಿಕಾಯಿ, ಏನಿದ್ದರೂ ಸರಿ" ಎಂದ.

ರಾಜ ಧವಳಸೇನ ಹೊಟ್ಟೆ ಹುಣ್ಣಾಗುವಂತೆ ನಕ್ಕ. ಕಸ ಬೇಡುವ ಮಾಂತ್ರಿಕನನ್ನು ಯಾರು ತಾನೇ ಕಂಡಿದ್ದರು! "ತಗೊಂಡು ಹೋಗು ಮಹಾರಾಯ" ಎಂದು ತಾಮ್ರಪಟವನ್ನೇ ಬರೆಸಿಕೊಟ್ಟ. ಅಂದಿನಿಂದ ದಿನವೂ ಗಾಡಿಗಟ್ಟಲೆ ತೌಡು, ಸೊಪ್ಪು, ನೆಲ್ಲಿಕಾಯಿ ಮಾಂತ್ರಿಕನ ಕೋಟೆಗೆ ಹೋಗತೊಡಗಿದವು. ಶೂರ್ಪಕ ಅದನ್ನೆಲ್ಲ ತಿಂದು ಹೋರಿಯಂತೆ ಬೆಳೆದ.

ಊರಾಚೆ ಕೊಟ್ಟಣದ ಕೇರಿಯಲ್ಲಿ ದೇವೀರಿ ಎಂಬ ಹೆಣ್ಣುಮಗಳಿದ್ದಳು. ಭತ್ತ ಕುಟ್ಟುವುದೇ ಅವಳ ಕಸುಬು. ಭತ್ತವನ್ನು ಒಂದೇ ಸಲ ಕುಟ್ಟಿ, ತೌಡು ಬಿಡದ ಕೆಂಪಕ್ಕಿ ಬೇಯಿಸಿ, ಬೇಲಿಯ ಸೊಪ್ಪು, ಹುರುಳಿ ಸಾರು ಕಲಸಿ ಉಣ್ಣುವುದು ಆ ಕೇರಿಯ ರೂಢಿ. ಪೇಟೆಯವರು "ಕೆಂಪನ್ನದ ದೇವೀರಿ" ಎಂದು ಛೇಡಿಸಿದರೆ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು.

"ಹೂಂ ಕಣ್ರೀ, ಕೆಂಪನ್ನವೇ. ಬನ್ನಿ, ಒಂದ್ ಸಲ ನನ್ ಒನಕೆ ಎತ್ತಿ, ನೋಡವ!"

ಎತ್ತಿದವರು ಒಬ್ಬರೂ ಇರಲಿಲ್ಲ.

ಅವಳ ಗಂಡ ಜವರಾಯ ಅರಮನೆಯ ನಗಾರಿ ಬಾರಿಸುವವನು. ಅವನ ಕೈಚಳಕಕ್ಕೆ ಮೆಚ್ಚಿ ರಾಜ ಎರಡು ವರ್ಷದಿಂದ ಅರಮನೆಯ ಪಂಕ್ತಿಯಲ್ಲೇ ಊಟಕ್ಕೆ ಕೂರಿಸುತ್ತಿದ್ದ. ಒಂದು ಬೆಳಗ್ಗೆ ಗೋಪುರದ ಮೆಟ್ಟಿಲು ಹತ್ತುವಾಗ ಜವರಾಯನ ಮಂಡಿ ಮಡಚಿತು. ಪಾದ ಊದಿತ್ತು, ಚಿವುಟಿದರೂ ತಿಳಿಯುತ್ತಿರಲಿಲ್ಲ. ಅವನ ಹಿಂದೆಯೇ ಬಿಳಿಯನ್ನದ ಪಂಕ್ತಿಯಲ್ಲಿದ್ದ ಭಟರು ಒಬ್ಬೊಬ್ಬರಾಗಿ ಬಿದ್ದರು. ಬಿದ್ದವರನ್ನೆಲ್ಲ ಅರಮನೆ ಕೆಲಸದಿಂದ ಹೊರಗೆ ಹಾಕಿತು.

ಶೂರ್ಪಕ ಅದಕ್ಕೇ ಕಾಯುತ್ತಿದ್ದ. "ಕೆಲಸಕ್ಕೆ ಬಾರದವರನ್ನು ಅರಮನೆ ಹೊರಗೆ ಹಾಕಿತಲ್ಲವೇ? ಬಿಸಾಡಿದ್ದೆಲ್ಲ ನನ್ನದು. ಮೂವತ್ತನೆಯ ದಿನ ಇವರೆಲ್ಲ ನನ್ನ ಕೋಟೆಯ ಕಲ್ಲಾಗುತ್ತಾರೆ" ಎಂದು ಎಲ್ಲರನ್ನೂ ಗಾಡಿಗೆ ತುಂಬಿಕೊಂಡು ಹೋದ. ರಾಜ ತಾಮ್ರಪಟ ನೋಡಿ ತಲೆ ತಗ್ಗಿಸಿದ.

ದೇವೀರಿ ಅತ್ತಳು. ಅತ್ತು ಮುಗಿಸಿ, ಕೆಂಪಕ್ಕಿಯ ಗಂಟು, ಎಳ್ಳೆಣ್ಣೆಯ ಕುಡಿಕೆ ಹಿಡಿದು, ಹೆಗಲಿಗೆ ಒನಕೆ ಏರಿಸಿ ಹೊರಟಳು.

ಕೋಟೆಗೆ ಮೊದಲು ಒಂದು ಕಣಿವೆ. ಅದರ ಅಂಚಿನಲ್ಲಿ ರೆಕ್ಕೆಯ ಕಪ್ಪು ಕುದುರೆ ನಿಂತಿತ್ತು. ಕಣಿವೆಯ ವಿಷದ ಮಂಜು ಸರಿಯುವುದು ಸಂಜೆ ಮಾತ್ರ. ಹಾರುವುದಾದರೆ ಆಗಲೇ ಹಾರಬೇಕು.

"ನನ್ನನ್ನ ದಾಟಿಸಪ್ಪ" ಎಂದಳು ದೇವೀರಿ.

"ಹತ್ತು ತಾಯಿ, ಇಬ್ಬರೂ ಬಿದ್ದು ಸಾಯೋಣ. ಹೊತ್ತು ಮುಳುಗಿದರೆ ನನಗೆ ನನ್ನ ಗೊರಸೂ ಕಾಣುವುದಿಲ್ಲ" ಎಂದಿತು ಕುದುರೆ.

"ಏನ್ ತಿಂತೀಯ?"

"ಮಾಂತ್ರಿಕ ಕೊಡುವ ಬಿಳಿಯನ್ನ."

ಸೊಪ್ಪಿನ ಗಾಡಿ ಅದರ ಮೂಗಿನ ಮುಂದೆಯೇ ಹೋಗುತ್ತಿತ್ತು! ಮಾಂತ್ರಿಕನ ಅಪ್ಪಣೆಯಿದ್ದ ಗಾಡಿಗಷ್ಟೇ ಮಂಜು ದಾರಿ ಬಿಡುತ್ತಿತ್ತು, ಬೇರೆಯವರಿಗಲ್ಲ. ದೇವೀರಿ ಗಾಡಿಯಿಂದ ನುಗ್ಗೆಸೊಪ್ಪು ಎಳೆದುಕೊಂಡು, ಎಳ್ಳೆಣ್ಣೆ ಬೆರೆಸಿ ತಿನ್ನಿಸಿದಳು. ಜಿಡ್ಡು ಬೀಳದಿದ್ದರೆ ಸೊಪ್ಪಿನಲ್ಲಿರುವ ಕಣ್ಣಿನ ಸತ್ವ ಮೈಗೆ ಹತ್ತದೆಂದು ಅವಳ ಕೇರಿಯ ಹೆಂಗಸರಿಗೆಲ್ಲ ಗೊತ್ತು. ಒಂದು ದಿನದಲ್ಲಿ ಏನೂ ಆಗಲಿಲ್ಲ. ದಿನ ಲೆಕ್ಕ ಹಾಕುತ್ತ ಅವಳು ಕಾದಳು. ಹನ್ನೆರಡನೆಯ ಸಂಜೆ ಕುದುರೆ ಕತ್ತೆತ್ತಿ, "ಅಗೋ, ಬೆಳ್ಳಿಚುಕ್ಕಿ!" ಎಂದು ಕೂಗಿ, ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹಾರಿತು.

ಆಚೆ ದಡದಲ್ಲಿ ಕೋಟೆಯ ಬಾಗಿಲು. ಅದನ್ನು ಕಾಯುವವನು ತಾಳೆಮರದೆತ್ತರದ ರಕ್ಕಸ. ಮಾಂತ್ರಿಕನ ಗಾಡಿ ಬಿಟ್ಟು ಉಳಿದವರಿಗೆ, ಅವನು ಕಬ್ಬಿಣದ ಅಗುಳಿಯನ್ನು ಹಲ್ಲಿನಿಂದ ಕಚ್ಚಿ ಎಳೆದರೆ ಮಾತ್ರ ಬಾಗಿಲು ತೆರೆಯುವುದು. ಆದರೆ ಅವನ ವಸಡಿನಿಂದ ರಕ್ತ ಸೋರುತ್ತಿತ್ತು, ಹಲ್ಲು ಅಲ್ಲಾಡುತ್ತಿದ್ದವು.

"ನುಂಗ್ಬಿಡ್ತೀನಿ" ಎಂದ ರಕ್ಕಸ, ಕೆನ್ನೆ ಹಿಡಿದುಕೊಂಡು.

"ಮೊದ್ಲು ಅಗಿಯಕ್ಕೆ ಹಲ್ಲು ಗಟ್ಟಿ ಮಾಡ್ಕೊ" ಎಂದು ದೇವೀರಿ ಒಳಗೆ ಹೋಗುವ ಗಾಡಿಯಿಂದ ನೆಲ್ಲಿಕಾಯಿ ಎಳೆದುಕೊಂಡು, ಕುಟ್ಟಿ ಅವನ ಬಾಯಿಗೆ ಹಾಕಿದಳು. ಹುಳಿಗೆ ರಕ್ಕಸ ಅವ್ವಾ ಎಂದು ಚೀರಿದ. ಮರುದಿನವೂ ಚೀರಿದ. ಐದನೆಯ ದಿನ ತಾನೇ ಬಾಯಿ ತೆರೆದು ಕೂತ. ಹದಿನಾರನೆಯ ದಿನ ಅಗುಳಿಯನ್ನು ಕಬ್ಬಿನ ಜಲ್ಲೆಯಂತೆ ಕಚ್ಚಿ ಎಳೆದೇಬಿಟ್ಟ.

ಅಷ್ಟರಲ್ಲಿ ಮೂವತ್ತನೆಯ ದಿನ ಬಂದಿತ್ತು. ಒಳಗೆ ಸಾಲಾಗಿ ನಿಂತಿದ್ದ ಭಟರ ನಡುವೆ ಜವರಾಯ ಸೊಂಟದವರೆಗೆ ಕಲ್ಲಾಗಿದ್ದ.

"ದೇವೀರಿ, ಯಾಕ್ ಬಂದೆ ನೀನು? ಹೋಗು!" ಎಂದ.

"ಸುಮ್ಕಿರಿ ನೀವು" ಎಂದಳು.

ಶೂರ್ಪಕ ಮೊರ ಹಿಡಿದು ನಗುತ್ತ ಬಂದು ಮೂರು ಬೋಗುಣಿ ಇಟ್ಟ. ಚಿನ್ನದ್ದರಲ್ಲಿ ಬಿಳಿಯನ್ನ. ಬೆಳ್ಳಿಯದರಲ್ಲಿ ಬೇಳೆ, ಮೊಸರು. ಮಣ್ಣಿನದರಲ್ಲಿ ತೌಡು, ಸೊಪ್ಪು, ನೆಲ್ಲಿಕಾಯಿ. "ಒಂದನ್ನು ಆರಿಸಿ ಉಣಿಸು. ಅವನು ನಡೆದರೆ ನಿನ್ನವನು. ನಡೆಯದಿದ್ದರೆ ನೀನೂ ಕಲ್ಲು."

ದೇವೀರಿಯ ಕೈ ಸರ್ರನೆ ಮಣ್ಣಿನ ಬೋಗುಣಿಗೆ ಹೋಯಿತು. ತನ್ನ ಕೇರಿಯ ಊಟವೇ ಗೆಲ್ಲಬೇಕೆಂಬ ಹಮ್ಮು ಅವಳಿಗೆ. ಮುಟ್ಟುವ ಮೊದಲು ಗಂಡನ ತೋಳು ಕಣ್ಣಿಗೆ ಬಿತ್ತು. ನಗಾರಿ ಬಾರಿಸುತ್ತಿದ್ದ ತೋಳಿನಲ್ಲಿ ಮಾಂಸವೇ ಉಳಿದಿರಲಿಲ್ಲ. ತೌಡು ಕಾಲಿನ ನರಕ್ಕೆ ಜೀವ ಕೊಟ್ಟೀತು. ಕರಗಿದ ಮಾಂಸ ತುಂಬಬೇಕಾದರೆ ಬೇಳೆ ಬೇಕು, ಮೊಸರು ಬೇಕು. ಎದ್ದು ನಡೆಯುವ ಕಸುವಿಗೆ ಅನ್ನವೂ ಬೇಕೇ ಬೇಕು.

"ಆರಿಸು!" ಎಂದು ಗುಡುಗಿದ ಶೂರ್ಪಕ.

"ಆರಿಸಕ್ಕೆ ನಾನೇನು ನಿನ್ನ ಮೊರವೇ?" ಎಂದು ದೇವೀರಿ ಅವನ ಕೈಯಿಂದ ಮೊರ ಕಿತ್ತುಕೊಂಡು, ಮೂರು ಬೋಗುಣಿಯನ್ನೂ ಅದರ ಮೇಲೆ ಸುರಿದು ಕಲಸತೊಡಗಿದಳು.

ಮೊರ ಸುಮ್ಮನಿರಲಿಲ್ಲ. ತಾನೇ ಕುಣಿದು ಅನ್ನವನ್ನು ಒಂದು ಕಡೆ, ತೌಡನ್ನು ಒಂದು ಕಡೆ ಎಸೆಯಿತು. ಅವಳು ಬಾಚಿ ಮತ್ತೆ ಕಲಸಿದಳು. ಮೊರ ಇನ್ನೂ ಜೋರಾಗಿ ಕೇರಿತು. ಅವಳು ಇನ್ನೂ ಬಿಗಿಯಾಗಿ ನಾದಿದಳು. ಅದು ಇಪ್ಪತ್ತು ವರ್ಷ ಒನಕೆ ಎತ್ತಿದ ಕೈ, ಬಿಳಿಯನ್ನ ಉಂಡ ಕೈಯಲ್ಲ. ಕೊನೆಗೆ ಚಿನ್ನದ ಮೊರ ಚಟೀರನೆ ಎರಡು ಹೋಳಾಯಿತು. ಬೇರ್ಪಡಿಸುವುದರಲ್ಲೇ ಶೂರ್ಪಕನ ಪ್ರಾಣವಿತ್ತು. ಅವನು ನಿಂತಲ್ಲೇ ಹೊಟ್ಟಾಗಿ ಗಾಳಿಗೆ ಹಾರಿಹೋದ.

ದೇವೀರಿ ತುತ್ತು ಕಟ್ಟಿ ಗಂಡನಿಗೆ ಉಣಿಸಿದಳು, ಭಟರಿಗೂ ಉಣಿಸಿದಳು. ಮಾಯೆ ಮುರಿದಿದ್ದರಿಂದ ತಿಂಗಳ ಊಟದ ಸತ್ವ ಒಂದೇ ತುತ್ತಿಗೆ ಹತ್ತಿತು. ಕಲ್ಲು ಕರಗಿತು, ಕಣಿವೆಯ ಮಂಜೂ ಕರಗಿತು. ಜವರಾಯ ಒಂದು ಹೆಜ್ಜೆ ಇಟ್ಟ, ಬಿದ್ದ, ಎದ್ದು ಇನ್ನೊಂದು ಇಟ್ಟ.

ಸುದ್ದಿ ಕೇಳಿ ರಾಜ ಪಲ್ಲಕ್ಕಿಯೊಂದಿಗೆ ಓಡಿಬಂದ. ಮಣ್ಣಿನ ಬೋಗುಣಿಯಲ್ಲಿ ಉಳಿದಿದ್ದ ಸೊಪ್ಪಿನ ಚೂರನ್ನು ಬಳಿದು ಬಾಯಿಗೆ ಹಾಕಿಕೊಂಡು, "ತಾಯಿ, ಇದನ್ನು ನಾನು ಕಸವೆಂದು ಬರೆದುಕೊಟ್ಟೆನಲ್ಲ!" ಎಂದು ಎಲ್ಲರೆದುರೇ ಕಣ್ಣೊರೆಸಿಕೊಂಡ. ಆ ಸುಗ್ಗಿಯಿಂದ ಅರಮನೆಯ ಅಡುಗೆಗೆ ಕೊಟ್ಟಣದ ಕೇರಿಯವರದೇ ಯಜಮಾನಿಕೆ. ಧವಳಾವತಿಯಲ್ಲಿ ಕುದುರೆ, ರಕ್ಕಸ, ರಾಜ, ಪ್ರಜೆ ಎಲ್ಲರೂ ಹೊಟ್ಟೆತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ನೂರು ಕಾಲ ಬಾಳಿದರು.

ಅಂದು ಮಾತ್ರ ದೇವೀರಿ ಪಲ್ಲಕ್ಕಿ ಬೇಡವೆಂದಳು. ಜವರಾಯನೂ ಬೇಡವೆಂದ. ಪೇಟೆಯ ಜನ ಇಕ್ಕೆಲದಲ್ಲಿ ನಿಂತು ನೋಡುತ್ತಿದ್ದ ಬೀದಿಯಲ್ಲಿ ಅವಳು ತಲೆಯೆತ್ತಿ ಮುಂದೆ ನಡೆದಳು. ಹಿಂದೆ ಅವನ ಹೆಜ್ಜೆಯ ಸದ್ದು ಕೇಳುತ್ತಲೇ ಇತ್ತು, ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ.