ತೀರ್ಪಿಗೆ ಮೂರು ದಿನ ಮೊದಲು

ಮಂಗಳವಾರ ಮಧ್ಯಾಹ್ನ 3.40. ಭಾಗ್ಯಜ್ಯೋತಿ ತಾನು ಮದುವೆಯಾಗಬೇಕೆಂದಿದ್ದವನ ತಂದೆಯನ್ನು ‘ತಪ್ಪಿತಸ್ಥ’ ಎಂದು ಟೈಪ್ ಮಾಡಿದಳು.

ಪದ ಅವಳದಲ್ಲ, ನ್ಯಾಯಾಧೀಶರು ಹೇಳಿ ಬರೆಸಿದ್ದು. ಅವಳು ಕೋರ್ಟಿನ ಸ್ಟೆನೊ. ಹತ್ತಿರದ ಹಳ್ಳಿ ಮುಧೋಳದ ದೇವಿಂದ್ರಪ್ಪ ಹೊಲದ ಬದುವಿನ ಜಗಳದಲ್ಲಿ ಪಕ್ಕದ ಹೊಲದ ಕಾಶೀನಾಥನ ಕೈ ಮುರಿದ ಪ್ರಕರಣ ಅದು. ಶಿಕ್ಷೆ ಎಷ್ಟೆಂಬ ಜಾಗ ಖಾಲಿ ಇತ್ತು. ಅದನ್ನು ಶುಕ್ರವಾರ, ಆರೋಪಿಯ ಮಾತು ಕೇಳಿದ ಮೇಲೆ ತುಂಬುತ್ತಾರೆ. ಅಲ್ಲಿಯವರೆಗೆ ಆ ಹದಿನೇಳು ಪುಟಗಳು ಚೇಂಬರಿನ ಬಾಗಿಲು ದಾಟುವಂತಿಲ್ಲ.

ಈ ಕಡತ ಸುನಿತಾಳ ಪಾಲಿನದು. ಅವಳು ರಜೆ ಹಾಕಿದ್ದರಿಂದ ಭಾಗ್ಯಜ್ಯೋತಿಗೆ ಬಂತು. ಮೊದಲ ಪುಟದಲ್ಲಿ ಹೆಸರು ಕೇಳಿದಾಗಲೇ ಅವಳು ಎದ್ದು ನಿಂತು ಹೇಳಬೇಕಿತ್ತು. ಹೇಳಿದರೆ, ಮನೆಯಲ್ಲೂ ಗೊತ್ತಿಲ್ಲದ ಪ್ರೀತಿಯನ್ನು ನ್ಯಾಯಾಧೀಶರ ಮುಂದೆ ಒಪ್ಪಿಕೊಂಡಂತಾಗುತ್ತಿತ್ತು. ಅವಳು ಬರೆದುಕೊಳ್ಳುತ್ತ ಕುಳಿತಳು.

ಸಂಜೆ 5.40ರ ಚಿತ್ತಾಪುರ ಬಸ್ಸಿನ ಕಂಡಕ್ಟರ್ ಶರಣಕುಮಾರ, ದೇವಿಂದ್ರಪ್ಪನ ಒಬ್ಬನೇ ಮಗ. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಆಧಾರ್ ನೋಡಿ ಸೊನ್ನೆಯ ಚೀಟಿ ಹರಿದುಕೊಡಬೇಕು. ಬೇರೆಯವರ ಕಾರ್ಡನ್ನು ಅವನು ನೋಡಿದಂತೆ ಮಾಡುತ್ತಿದ್ದ. ಅವಳದನ್ನು ಮಾತ್ರ ಓದುತ್ತಿದ್ದ.

‘ಆಧಾರ ತೋರಸ್ರಿ ಮೇಡಂ.’

‘ಎರಡು ವರ್ಷ ಆತು ನೋಡಾಕತ್ತಿ. ಇನ್ನಾ ಖಾತ್ರಿ ಆಗಿಲ್ಲೇನ್ರಿ?’

‘ಫೋಟೊದಾಗ ಸಿಟ್ಟಿನ್ಯಾಗ ಇದ್ದೀರಿ. ಇವತ್ತು ಹೆಂಗ ಇದ್ದೀರಿ ಅಂತ ದಿನಾ ತಾಳೆ ನೋಡಬೇಕಲ್ರಿ.’

ಹಿಂದಿನ ಸೀಟಿನ ಮುದುಕಿ ತನ್ನ ಕಾರ್ಡನ್ನು ಮುಂದೆ ಚಾಚಿದಳು. ‘ಏ ತಮ್ಮಾ, ನಂದೂ ಜರಾ ಅಷ್ಟೊತ್ತು ನೋಡು. ನನ್ನ ಫೋಟೊನೂ ಚಂದ ಅದ!’

ಬಸ್ಸು ನಕ್ಕಿತು. ಭಾಗ್ಯಜ್ಯೋತಿ ಕಿಟಕಿಯ ಕಡೆ ತಿರುಗಿದಳು. ಹೊರಗೆ ಸಿಮೆಂಟಿನ ಟ್ಯಾಂಕರುಗಳ ಸಾಲು, ಅವು ಎಬ್ಬಿಸಿದ ಬೂದು ಧೂಳಿನಲ್ಲಿ ತೊಗರಿ ಹೊಲಗಳು ಕಾಣುತ್ತಿರಲಿಲ್ಲ.

ಚೀಟಿ ಕೊಟ್ಟು ಮುಗಿಸಿ ಶರಣಕುಮಾರ ಅವಳ ಸೀಟಿನ ಕಂಬಕ್ಕೆ ಒರಗಿ ನಿಂತ. ಈಗ ದನಿ ಸಣ್ಣದಾಗಿತ್ತು, ‘ರಿ’ ಹೋಗಿತ್ತು.

‘ಅಪ್ಪಗ ಹೇಳಿದೆ. ನಿಮ್ಮ ಮನಿಗಿ ಹೆಣ್ಣು ಕೇಳಾಕ ಬರ್ತೀನಂದ.’

ಅವಳು ಸಟ್ಟನೆ ನೋಡಿದಳು. ಅವನ ಎಡಗಣ್ಣು ನಗುವಾಗ ಕೊಂಚ ಹೆಚ್ಚು ಮುಚ್ಚುತ್ತಿತ್ತು. ಎರಡು ವರ್ಷ ಅವಳು ಕಾದಿದ್ದ ಮಾತು ಅದು.

‘ಶುಕ್ರವಾರ ಗೆದ್ದು, ಐತಾರ ತಲಿ ಎತ್ತಿಕೊಂಡು ಹೋಗೂಣು ಅಂತಾನ ಅಪ್ಪ. ಅವ್ವ ನಾಳಿಗೇ ಹೋಗೂಣು ಅಂತಾಳ. ನೀ ಹೇಳು. ನಾಳಿ ಬರೂಣೋ, ಐತಾರ ಬರೂಣೋ?’

ನಾಳೆ ಎಂದರೆ ತೀರ್ಪು ಹೇಳಿದಂತೆ. ಭಾನುವಾರ ಎಂದರೆ ಸುಳ್ಳು ಹೇಳಿದಂತೆ. ತೀರ್ಪು ತನಗೆ ಗೊತ್ತಿದೆ ಎಂದು ಅವನು ತಿಳಿದೇ ಕೇಳುತ್ತಿದ್ದಾನೆಯೇ? ಒಮ್ಮೆ ಹುಟ್ಟಿದ ಆ ಅನುಮಾನ ಅವಳಿಗೆ ತೀರ್ಪಿಗಿಂತ ಹೆಚ್ಚು ಹೆದರಿಕೆ ತಂದಿತು.

‘ಯಾಕ ಸುಮ್ಮಾದಿ? ಭಾಳ ಕಷ್ಟದ ಪ್ರಶ್ನಿ ಏನು?’

‘ಏನೂ ಕೇಳಬ್ಯಾಡ. ಶುಕ್ರವಾರದ ತನಕ ನಾ ಈ ಬಸ್ಸಿಗಿ ಬರಂಗಿಲ್ಲ.’

ಅವನ ತುಟಿಯಲ್ಲಿ ನಗು ಇನ್ನೂ ಇತ್ತು. ಕಣ್ಣಿನದು ಹೋಗಿತ್ತು. ಸ್ಟಾಪು ಬಂದರೂ ಅವನು ಸೀಟಿ ಊದಲಿಲ್ಲ. ಡ್ರೈವರ್ ತಾನೇ ನಿಲ್ಲಿಸಿದ.

ಬುಧವಾರ ಬೆಳಿಗ್ಗೆ 10.15ಕ್ಕೆ ಭಾಗ್ಯಜ್ಯೋತಿ ನ್ಯಾಯಾಧೀಶರಿಗೆ ಎಲ್ಲವನ್ನೂ ಹೇಳಿದಳು.

‘ತೀರ್ಪು ಏನೆಂದು ತಿಳಿಸಿದ್ದೀರಾ?’

‘ಇಲ್ಲ ಸರ್. ಅವರು ಒಂದು ಮಾತು ಕೇಳಿದರು. ಉತ್ತರ ಕೊಡಲಿಲ್ಲ.’

ನ್ಯಾಯಾಧೀಶರು ಕನ್ನಡಕ ತೆಗೆದಿಟ್ಟರು. ‘ಉತ್ತರ ಕೊಡದೇ ಇದ್ದದ್ದನ್ನೂ ಬರೆದುಕೊಡಿ.’

ಅವಳು ಬರೆದುಕೊಟ್ಟಳು. ಅವಳನ್ನು ಚೇಂಬರಿನಿಂದ ರೆಕಾರ್ಡ್ ಕೋಣೆಗೆ ಹಾಕಿದರು.

ಶುಕ್ರವಾರ ದೇವಿಂದ್ರಪ್ಪ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಒಂದು ಕಿಲೊ ಪೇಢೆಯ ಡಬ್ಬಿ ಹಿಡಿದು ಬಂದ. ‘ಸಂಜಿಗಿ ಎಲ್ಲರಿಗೂ ಹಂಚಬೇಕು’ ಎಂದು ವಕೀಲರ ಗುಮಾಸ್ತನಿಗೆ ಹೇಳಿದ. ಶರಣಕುಮಾರ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ.

12.05ಕ್ಕೆ ಎರಡು ವರ್ಷ ಶಿಕ್ಷೆಯಾಯಿತು. ಮೇಲ್ಮನವಿಗೆ ಹೋಗುವವರೆಗೆ ಜಾಮೀನು ಸಿಗುತ್ತಿತ್ತು. ಜಾಮೀನುದಾರರನ್ನು ಯಾರೂ ಕರೆತಂದಿರಲಿಲ್ಲ. ಊರಿಗೆ ಫೋನು ಮಾಡಿ ಜನ ಬರುವಷ್ಟರಲ್ಲಿ ಕೋರ್ಟಿನ ವೇಳೆ ಮುಗಿದಿತ್ತು. ಮರುದಿನ ಎರಡನೇ ಶನಿವಾರದ ರಜೆ. ದೇವಿಂದ್ರಪ್ಪ ಸೋಮವಾರದವರೆಗೆ ಜೈಲಿನಲ್ಲಿದ್ದ.

ಹನ್ನೆರಡು ದಿನಗಳ ನಂತರ ಭಾಗ್ಯಜ್ಯೋತಿಯ ಮೇಲೆ ಇಲಾಖೆಯ ವಿಚಾರಣೆ ನಡೆಯಿತು. ಅಧಿಕಾರಿ ಶರಣಕುಮಾರನನ್ನು ಕೂರಿಸಿ, ಅವಳ ಎದುರಿನಲ್ಲೇ ಕೇಳಿದರು. ‘ಇಲ್ಲ’ ಎಂಬ ಒಂದೇ ಮಾತು ಅವಳ ಕೆಲಸ ಉಳಿಸುತ್ತದೆ ಎಂದು ಅವನ ಡಿಪೊದಲ್ಲಿ ಎಲ್ಲರೂ ಹೇಳಿ ಕಳಿಸಿದ್ದರು.

‘ಇವರು ನಿಮಗೆ ತೀರ್ಪು ತಿಳಿಸಿದರಾ?’

‘ಇಲ್ರಿ.’

‘ನಿಮಗೆ ಮೊದಲೇ ಗೊತ್ತಿತ್ತೆ?’

ಅವನು ಅವಳನ್ನು ನೋಡಿದ. ಅವಳು ನೋಟ ತಪ್ಪಿಸಲಿಲ್ಲ. ಬೇಡ ಎನ್ನಲೂ ಇಲ್ಲ.

‘ಗೊತ್ತಾತ್ರಿ. ಆಕಿ ಮಾರಿ ನೋಡಿ.’

‘ಮುಖ ನೋಡಿದರೆ ತಿಳಿಯುವಷ್ಟು ಪರಿಚಯವೆ?’

‘ಹೌದ್ರಿ. ನಾ ಲಗ್ನ ಆಗಾಂವ ಆಕಿನ್ನೇ. ಬರ್ಕೋರಿ ಸಾಹೇಬ್ರ.’

ಬೆರಳಚ್ಚುಗಾರ ಬರೆದುಕೊಂಡ. ಭಾಗ್ಯಜ್ಯೋತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿ ಹಿಡಿದಳು. ಪ್ರೀತಿಸುತ್ತೇನೆಂದು ಅವನು ಅದುವರೆಗೆ ನೇರವಾಗಿ ಹೇಳಿರಲಿಲ್ಲ.

‘ಯಾರಿಗಾದರೂ ಹೇಳಿದಿರಾ?’

‘ಇಲ್ರಿ.’

‘ತಂದೆಗೂ?’

‘ಅಪ್ಪಗೂ ಹೇಳಲಿಲ್ರಿ. ಹೇಳಿದ್ರ ಆಕಿ ಹೇಳಿದಂಗ ಆಗ್ತಿತ್ತು.’

ಹೇಳಿಕೆ ಎರಡು ಪುಟವಾಯಿತು. ಶರಣಕುಮಾರ ಎರಡರ ಕೆಳಗೂ ಸಹಿ ಹಾಕಿದ. ಅದರ ನಕಲು ಮೇಲ್ಮನವಿಯ ವಕೀಲರ ಕೈ ಸೇರಿತು. ಅವರು ದೇವಿಂದ್ರಪ್ಪನಿಗೆ ಓದಿ ಹೇಳಿದರು.

ಸಂಬಂಧವನ್ನು ಮೊದಲೇ ತಿಳಿಸದ ತಪ್ಪಿಗೆ ಭಾಗ್ಯಜ್ಯೋತಿಯ ಒಂದು ವರ್ಷದ ವೇತನ ಬಡ್ತಿ ತಡೆದು ಚಿಂಚೋಳಿಗೆ ವರ್ಗ ಮಾಡಿದರು. ಡಿಸೆಂಬರಿನಲ್ಲಿ ಅಲ್ಲಿಯೇ ಅವರ ಮದುವೆ ನೋಂದಣಿಯಾಯಿತು. ಶರಣಕುಮಾರನ ತಾಯಿ ಶರಣಬಸಮ್ಮ ಸಾಕ್ಷಿಯಾಗಿ ಸಹಿ ಹಾಕಿದಳು. ದೇವಿಂದ್ರಪ್ಪ ಬರಲಿಲ್ಲ.