ಎಲ್ಲ ಅಳಿಸಿ ಎಂದವನು

“ಎಲ್ಲ ಅಳಿಸಿ. ಒಂದೂ ಉಳಿಯಬಾರದು.”

ಕೌಂಟರಿನ ಮೇಲೆ ಲ್ಯಾಪ್‌ಟಾಪ್ ಇಟ್ಟವನು ಹೇಳಿದ್ದು ಇಷ್ಟೇ. ನಗು ಇಲ್ಲ, ಒಂದು ಒಳ್ಳೆಯ ಮಾತಿಲ್ಲ.

ಕಡಬದ ಬಸ್‌ಸ್ಟ್ಯಾಂಡಿನ ಎದುರು ಮೆಟ್ಟಿಲು ಹತ್ತಿ ಹೋದರೆ ಸಿಗುವ ಪುಟ್ಟ ರಿಪೇರಿ ಅಂಗಡಿ ಅದು. ಅಂಗಡಿ ರೂಪೇಶಣ್ಣನದ್ದು. ಆದರೆ ನಾಲ್ಕು ವರ್ಷಗಳಿಂದ ಅಲ್ಲಿ ಸ್ಕ್ರೂಡ್ರೈವರ್ ಹಿಡಿಯುವ ಕೈ ರಿನ್ಸಿಯದ್ದು. “ಹೆಣ್ಣು ಮಕ್ಕಳು ಈ ಕೆಲಸ ಮಾಡುದಾ?” ಎಂದು ಮೊದಮೊದಲು ಬಾಯಿ ತೆರೆದವರೇ ಈಗ, “ರಿನ್ಸಿ ಇದ್ದಾಳಾ?” ಎಂದು ಕೇಳಿಕೊಂಡು ಮೆಟ್ಟಿಲು ಹತ್ತುತ್ತಿದ್ದರು.

ರಿನ್ಸಿ ಲ್ಯಾಪ್‌ಟಾಪ್ ತೆರೆದಳು. ಅವನು ಚೀಟಿಯಲ್ಲಿ ಬರೆದುಕೊಟ್ಟ ಪಾಸ್‌ವರ್ಡ್ ಹಾಕಿದಳು.

ಪರದೆಯ ತುಂಬ ಒಂದು ಫೋಟೋ! ಕೆಂಪು ಚೂಡಿದಾರದ ಹುಡುಗಿ. ಕೆನ್ನೆಗೆಲ್ಲ ಕೆಸರು. ಎದುರು ನಿಂತಿರುವ ಇವನ ಹೆಗಲಿಗೆ ಒರಗಿಕೊಂಡು ಕಣ್ಣು ಮುಚ್ಚಿ ನಗುತ್ತಿದ್ದಾಳೆ. ಅವನೂ ನಗುತ್ತಿದ್ದಾನೆ. ಈ ಮುಖಕ್ಕೆ ನಗಲು ಬರುತ್ತದೆಯೇ ಎಂದು ರಿನ್ಸಿಗೆ ಆಶ್ಚರ್ಯವಾಯಿತು.

“ಇದರಲ್ಲಿ ಫೋಟೋ, ಫೈಲು ಎಲ್ಲ ಉಂಟು. ಬ್ಯಾಕಪ್ ತೆಗೆದಿಡ್ಬೇಕಾ?”

“ಬೇಡ.”

“ಈ ಫೋಟೋ ಆದ್ರೂ...?”

“ಬೇಡ ಅಂದೆನಲ್ಲ! ಅವಳು ಹೋದ್ಲು. ಇನ್ನು ನಮ್ಮ ಮನೆಗೆ ಬರ್ಲಿಕ್ಕಿಲ್ಲ. ಕ್ಲೀನ್ ಮಾಡಿ ಹೊಸದರ ಹಾಗೆ ಮಾಡಿ ಕೊಡಿ. ಬೇರೆಯವಳಿಗೆ ಕೊಡ್ಲಿಕ್ಕುಂಟು.”

ರಿನ್ಸಿ ಪರದೆಯ ಫೋಟೋವನ್ನು ಇನ್ನೊಮ್ಮೆ ನೋಡಿದಳು.

ಅವಳು ಹೋದಳು... ಬೇರೆಯವಳಿಗೆ ಕೊಡಲಿಕ್ಕಿದೆ... ಅಬ್ಬಾ! ಇದೆಂಥ ಮನುಷ್ಯ?

“ಹೆಸರು?” ಎಂದಳು ರಸೀದಿ ಪುಸ್ತಕ ಎಳೆದುಕೊಂಡು. ದನಿ ತಾನಾಗಿ ಬಿರುಸಾಗಿತ್ತು.

“ಜೋಬಿನ್. ನೆಲ್ಯಾಡಿ ಹತ್ರ ರಬ್ಬರ್ ನರ್ಸರಿ.”

ಮಾತು ಮುಗಿಸಿ ಅವನು ದಡದಡ ಇಳಿದು ಹೋದ. ಪರದೆಯ ಕಡೆ ಒಂದು ಸಲವೂ ಕಣ್ಣೆತ್ತಿ ನೋಡಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ರಿನ್ಸಿ ಅದನ್ನು ಮೇಜಿನ ಮೇಲೆ ಬೋರಲು ಹಾಕಿ ಹಿಂಬದಿ ಬಿಚ್ಚಿದಳು. ಫ್ಯಾನಿಗೆ ಹತ್ತಿಯಂತೆ ಧೂಳು ಮೆತ್ತಿಕೊಂಡಿತ್ತು. ಬ್ರಷ್ ಆಡಿಸಿ, ಗಾಳಿ ಹೊಡೆದು ತೆಗೆದಳು. ಕೀಲಿಗಳ ಸಂದಿಯಿಂದ ಬಿಸ್ಕತ್ತಿನ ಪುಡಿ, ಒಂದು ಉದ್ದ ಕೂದಲು, ಪೌಡರಿನ ಸಣ್ಣ ಪರಿಮಳ. ಮುಚ್ಚಳದ ಮೇಲಿನ ಸ್ಟಿಕ್ಕರಿನ ಅಂಟನ್ನು ತೆಂಗಿನೆಣ್ಣೆ ಹಚ್ಚಿ ಉಜ್ಜಿದಳು. ಮೂರು ಕೀಲಿಗಳು ಒತ್ತಿದರೆ ಏಳುತ್ತಿರಲಿಲ್ಲ. ಹೊಸ ಕೀಬೋರ್ಡ್ ಮಂಗಳೂರಿನಿಂದ ಬರಬೇಕು.

ಉಳಿದದ್ದು ಒಂದೇ ಕೆಲಸ, ಅಳಿಸುವುದು.

ಅವಳಿಗೆ ಈಶ್ವರಮಂಗಲದ ಮೇಷ್ಟ್ರೊಬ್ಬರ ನೆನಪಾಯಿತು. ಹೆಂಡತಿ ತೀರಿಕೊಂಡ ತಿಂಗಳಿಗೇ ಲ್ಯಾಪ್‌ಟಾಪ್ ತಂದು, “ಎಲ್ಲ ತೆಗೆದುಬಿಡು ಮಗಾ, ನೋಡ್ಲಿಕ್ಕೆ ಆಗುದಿಲ್ಲ” ಎಂದಿದ್ದರು. ತೆಗೆದಿದ್ದಳು. ಮೂರು ತಿಂಗಳಿಗೆ ಮತ್ತೆ ಬಂದರು. “ಅವಳು ಹಾಡಿದ್ದು ಒಂದು ಇತ್ತು... ಎಲ್ಲಿಯಾದ್ರೂ ಉಳಿದಿದ್ಯಾ?” ಇಲ್ಲ ಎಂದು ತಲೆಯಾಡಿಸಿದಾಗ, “ಇರ್ಲಿ ಮಗಾ, ನಾನೇ ಹೇಳಿದ್ದಲ್ವಾ” ಎಂದು ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಿದ್ದರು.

ಇವನೂ ಒಂದು ದಿನ ಹಾಗೆ ಬಂದರೆ?

ಗಿರಾಕಿಯ ಮಾತು ಮೀರಬಾರದು. ಅದು ಅವಳೇ ಹಾಕಿಕೊಂಡ ನಿಯಮ. ಆದರೂ ಅಂದು ರಿನ್ಸಿ ತನ್ನ ಸ್ವಂತ ಹಾರ್ಡ್‌ಡಿಸ್ಕ್ ಸಿಕ್ಕಿಸಿ, ‘ಅನಿಟಾ’ ಎಂಬ ಹೆಸರಿನ ಆ ಇಡೀ ಫೋಲ್ಡರನ್ನು ಅದಕ್ಕೆ ಇಳಿಸಿಕೊಂಡಳು. ಒಳಗೆ ಏನಿದೆ ಎಂದು ತೆರೆಯಲಿಲ್ಲ. ತೆರೆಯಬೇಕೆಂದು ಅನ್ನಿಸಲೂ ಇಲ್ಲ. ಆಮೇಲೆ ಖಾತೆಗಳನ್ನೆಲ್ಲ ಹೊರಹಾಕಿ, ಲ್ಯಾಪ್‌ಟಾಪನ್ನು ರಿಸೆಟ್‌ಗೆ ಹಾಕಿದಳು.

ಕೆಂಪು ಚೂಡಿದಾರದ ಹುಡುಗಿ ಮಾಯವಾದಳು. ಖಾಲಿ ನೀಲಿ ಪರದೆ ಉಳಿಯಿತು.

ಕೀಬೋರ್ಡ್ ಬರಲು ವಾರ ಬೇಕಾಯಿತು. ಫೋನ್ ಮಾಡಿದ್ದರೆ ಸಾಕಿತ್ತು. ಆದರೆ ಜೋಬಿನ್ ಸೋಮವಾರ ಬಂದ. ಗುರುವಾರ ಮತ್ತೆ ಬಂದ.

“ಬಂತಾ?”

“ಇಲ್ಲ ಮಾರಾಯ್ರೆ. ಬಂದ್ರೆ ನಾನೇ ಫೋನ್ ಮಾಡ್ತೇನೆ.”

“ಹೂಂ...” ಎಂದವನು ಹೋಗಲಿಲ್ಲ. ಸ್ಟೂಲಿನ ಮೇಲೆ ಕೂತ. ಅವನ ಬೆರಳುಗಳ ಮೇಲೆ ಒಣಗಿದ ರಬ್ಬರ್ ಹಾಲಿನ ಕಲೆ, ಸಣ್ಣಸಣ್ಣ ಗೀರುಗಳು.

“ಕೈಗೆ ಎಂತ ಆದದ್ದು?”

“ಕಸಿ ಕಟ್ಟುವ ಚೂರಿ. ದಿನಕ್ಕೆ ಇನ್ನೂರು ಗಿಡ ಕಟ್ತೇನೆ.” ಅವನ ದನಿ ಮೊದಲ ಸಲ ಮೆತ್ತಗಾಯಿತು. “ಕಷ್ಟ ಕಟ್ಟುದು ಅಲ್ಲ, ಕಾಯುದು. ಇಪ್ಪತ್ತು ದಿನ ಬಿಚ್ಚಿ ನೋಡ್ಬಾರ್ದು. ಹಿಡಿದಿದ್ಯಾ ಇಲ್ವಾ ಅಂತ ಜೀವ ಹೊಡ್ಕೊಳ್ತದೆ. ಆದ್ರೂ ನೋಡ್ಬಾರ್ದು.”

ರಿನ್ಸಿಗೆ ನಗು ಬಂತು. “ನಮ್ಮದೂ ಹಾಗೇ. ಅಪ್‌ಡೇಟ್ ಆಗುವಾಗ ಮುಟ್ಲಿಕ್ಕಿಲ್ಲ.”

ಅವನೂ ನಕ್ಕ. ಥೇಟ್ ಆ ಫೋಟೋದ ನಗು.

ಅವನು ಹೋದ ಮೇಲೆ ಅರ್ಧ ಗಂಟೆ ಒಂದೇ ಸ್ಕ್ರೂವನ್ನು ತಿರುಗಿಸುತ್ತಾ ಕೂತಿದ್ದಳು ರಿನ್ಸಿ. ತನ್ನ ಮೇಲೆಯೇ ಸಿಟ್ಟು ಬಂತು. ಹೆಂಡತಿಯನ್ನೇ ಒರೆಸಿ ಹಾಕಿದವನು! ಅವನ ಬೆರಳಿನ ಗಾಯ ಕಂಡು ನಿನಗೇಕೆ ಅಷ್ಟು ಮರುಕ?

ಶನಿವಾರ ಕೀಬೋರ್ಡ್ ಬಂತು, ಅವನೂ ಬಂದ. ರಿನ್ಸಿ ಲ್ಯಾಪ್‌ಟಾಪ್ ಚಾಲೂ ಮಾಡಿ ಅವನ ಕಡೆ ತಿರುಗಿಸಿದಳು. ಅವನು ಆ ಖಾಲಿ ಪರದೆಯನ್ನು ನೋಡುತ್ತಲೇ ಇದ್ದ.

“ಒಂದೂ ಉಳಿದಿಲ್ಲ ಅಲ್ವಾ?”

“ಇಲ್ಲ.”

“ಸರಿ ನೋಡಿದ್ದೀರಾ? ಎಲ್ಲಿಯೂ ಇಲ್ಲ ಅಲ್ವಾ?”

ವಾರದಿಂದ ಅದುಮಿಟ್ಟದ್ದು ಒಮ್ಮೆಲೇ ಹೊರಬಿತ್ತು. “ಎಷ್ಟು ಸಲ ಕೇಳುದು? ಒಂದು ಹೆಣ್ಣನ್ನು ಇಷ್ಟು ಸುಲಭದಲ್ಲಿ ಒರೆಸಿ ಹಾಕ್ಲಿಕ್ಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು? ಅವಳ ಜಾಗಕ್ಕೆ ಇನ್ನೊಬ್ಬಳು ಬರ್ತಾಳೆ ಅಂತ ಇವಳ ನೆರಳೂ ಉಳಿಯಬಾರ್ದಾ?”

ಜೋಬಿನ್ ಕೂತಿದ್ದ ಸ್ಟೂಲನ್ನು ಹಿಂದಕ್ಕೆ ತಳ್ಳಿದ.

“ನಿಮಗೆ ಎಂತ ಗೊತ್ತುಂಟು ಅಂತ ಹೇಳುದು?” ಅಷ್ಟು ಹೇಳಿ ಎದ್ದ. ಬಾಗಿಲ ಬಳಿ ತಿರುಗದೆಯೇ, “ಝುಹ್ರಾ ಬರ್ತಾಳೆ. ಅವಳ ಕೈಯಲ್ಲಿ ಕೊಡಿ” ಎಂದು ಇಳಿದು ಹೋದ.

ಸೋಮವಾರ ಹತ್ತು ಗಂಟೆಗೆ ಝುಹ್ರಾ ಬಂದಳು. ಪೂರ್ತಿ ಹೆಸರು ಫಾತಿಮತ್ ಝುಹ್ರಾ. ಏದುಸಿರು ಬಿಡುತ್ತಾ ಬಂದವಳು ಲ್ಯಾಪ್‌ಟಾಪ್ ಕಂಡ ಕೂಡಲೇ ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡಳು.

“ಅಯ್ಯೋ, ಇದು ಹೊಸದೇ ಆಗಿದೆಯಲ್ಲ ಅಕ್ಕ! ನನ್ನ ಬಿ.ಎಡ್. ಪ್ರಾಜೆಕ್ಟೆಲ್ಲ ಇಷ್ಟು ದಿನ ಫೋನಲ್ಲೇ ಬರೆಯುದು. ಅನಿಟಾ ಹೇಳಿದ್ದು ಹೇಳಿದ ಹಾಗೇ ಮಾಡಿದ್ಲು ನೋಡಿ!”

“ಅನಿಟಾ... ನಿಮಗೆ ಗೊತ್ತುಂಟಾ?”

“ಗೊತ್ತುಂಟಾ ಅಂತ! ಡಿಗ್ರಿಯಲ್ಲಿ ಮೂರು ವರ್ಷ ಒಂದೇ ಬೆಂಚು.”

ರಿನ್ಸಿ ದನಿ ತಗ್ಗಿಸಿದಳು. “ಅವರು... ಹೋದದ್ದು ಹೇಗೆ?”

“ಹೇಗೆ ಅಂದ್ರೆ? ಜೋಬಿನಣ್ಣನ ಜೀಪಲ್ಲೇ ಹೋದದ್ದು!”

“ಎಲ್ಲಿಗೆ...?”

“ಮಂಗಳೂರಿನ ಕಾನ್ವೆಂಟಿಗೆ. ಸಿಸ್ಟರ್ ಆಗ್ಲಿಕ್ಕೆ ಸೇರಿದ್ದಲ್ವಾ ಅವಳು! ತಂಗಿ ಅಂದ್ರೆ ಜೀವ ಅಕ್ಕ ಅವರಿಗೆ. ಅವರೇ ಬಿಟ್ಟು ಬಂದದ್ದು. ಬರುವಾಗ ದಾರಿಯಲ್ಲಿ ಜೀಪು ನಿಲ್ಸಿ ನಿಲ್ಸಿ ಅತ್ತದ್ದಂತೆ.”

ತಂಗಿ!

ರಿನ್ಸಿಗೆ ಎದೆಯಲ್ಲಿ ಏನೋ ಹಗುರವಾಯಿತು, ಮರುಕ್ಷಣವೇ ಕಲ್ಲಿನಷ್ಟು ಭಾರವಾಯಿತು. ಅವನಿಗೆ ಏನೆಲ್ಲ ಅಂದುಬಿಟ್ಟೆ... ಅದಕ್ಕಿಂತ ದೊಡ್ಡ ತಪ್ಪು ತನ್ನ ಮೇಜಿನ ಡ್ರಾವರಿನಲ್ಲಿದೆ!

ಝುಹ್ರಾಳ ಹೆಸರಿನಲ್ಲಿ ಹೊಸ ಖಾತೆ ತೆರೆದು, ಪಾಸ್‌ವರ್ಡನ್ನು ಅವಳ ಕೈಯಿಂದಲೇ ಹಾಕಿಸಿ, ಲ್ಯಾಪ್‌ಟಾಪ್ ಕೊಟ್ಟು ಕಳುಹಿಸಿದಳು. ಆಮೇಲೆ ರೂಪೇಶಣ್ಣನಿಗೆ, “ನಾನು ಸ್ವಲ್ಪ ನೆಲ್ಯಾಡಿಗೆ ಹೋಗಿ ಬರ್ತೇನೆ” ಎಂದು ಹಾರ್ಡ್‌ಡಿಸ್ಕನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದಳು.

ಹಸಿರು ನೆರಳುಪರದೆಯ ಕೆಳಗೆ ಸಾಲುಸಾಲು ಪ್ಲಾಸ್ಟಿಕ್ ಚೀಲಗಳಲ್ಲಿ ರಬ್ಬರ್ ಸಸಿಗಳು. ಜೋಬಿನ್ ಮೊಣಕಾಲೂರಿ ಕೂತಿದ್ದ. ಅವಳನ್ನು ಕಂಡು ಚೂರಿ ಕೆಳಗಿಟ್ಟ. ಏಳಲಿಲ್ಲ.

ರಿನ್ಸಿ ಸುತ್ತಿ ಬಳಸಲಿಲ್ಲ. “ಮೊನ್ನೆ ಹೇಳಿದ್ದಕ್ಕೆ ಕ್ಷಮೆ ಕೇಳ್ಲಿಕ್ಕೆ ಬಂದದ್ದು. ನಾನು ಅವರನ್ನು ನಿಮ್ಮ ಹೆಂಡತಿ ಅಂದ್ಕೊಂಡೆ. ಆದ್ರೆ ಅದು ಸಣ್ಣ ತಪ್ಪು. ದೊಡ್ಡದು ಇದು...” ಹಾರ್ಡ್‌ಡಿಸ್ಕನ್ನು ಮುಂದೆ ಹಿಡಿದಳು. “ಒಂದೂ ಉಳಿದಿಲ್ಲ ಅಂದದ್ದು ಸುಳ್ಳು. ಎಲ್ಲ ಇದರಲ್ಲುಂಟು. ನಾನು ತೆರೆದು ನೋಡ್ಲಿಲ್ಲ.”

ಅವನು ನಿಧಾನವಾಗಿ ಎದ್ದು ನಿಂತ. ಆ ಕಣ್ಣುಗಳಲ್ಲಿ ಸಿಟ್ಟು, ಅದರ ಹಿಂದೆಯೇ ಇನ್ನೊಂದು... ಹಸಿವಿನಂಥದ್ದು.

“ಯಾಕೆ ಮಾಡಿದ್ರಿ?”

“ಒಂದು ದಿನ ನೀವೇ ಬಂದು ಬೇಕು ಅಂತ ಕೇಳ್ತೀರಿ ಅಂತ...”

“ಕೇಳ್ತೇನೆ ಅಂತ ನನಗೇ ಗೊತ್ತಿತ್ತು!” ಅವನ ದನಿ ಒಡೆಯಿತು. “ಅದಕ್ಕೇ ಅಂಗಡಿಗೆ ತಂದದ್ದು! ಹೋಗುವ ದಿನ ಅವಳು ನನ್ನ ಕೈ ಹಿಡಿದು ಹೇಳಿದ್ದು, ‘ನೋಡ್ಬೇಡ, ಅಳಿಸಿ ಝುಹ್ರಾಳಿಗೆ ಕೊಡು’ ಅಂತ. ನಾನು ಮಾತು ಕೊಟ್ಟೆ. ಮನೆಯಲ್ಲಿದ್ರೆ ತೆರೀತಿದ್ದೆ ರಿನ್ಸಿ. ಎರಡು ಸಲ ಪಾಸ್‌ವರ್ಡ್ ಹಾಕಿ ಮುಚ್ಚಿದ್ದೆ. ಕಷ್ಟದಲ್ಲಿ ಕಳ್ಕೊಂಡದ್ದನ್ನು ನೀವು ಮತ್ತೆ ತಂದು ಕೈಯಲ್ಲಿಡ್ತಾ ಇದ್ದೀರಿ...”

ರಿನ್ಸಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಒಳ್ಳೆಯದು ಮಾಡುತ್ತೇನೆಂದು ಹೊರಟು ಒಬ್ಬನ ಮಾತನ್ನೇ ಮುರಿಸಿದೆನಲ್ಲ!

“ಇಲ್ಲೇ, ನಿಮ್ಮ ಎದುರೇ ಅಳಿಸ್ತೇನೆ” ಎಂದಳು.

ಅವನು ಹಾರ್ಡ್‌ಡಿಸ್ಕಿಗೆ ಕೈ ಚಾಚಿ, ಮತ್ತೆ ಹಿಂದಕ್ಕೆ ಎಳೆದುಕೊಂಡ. ಕೊನೆಗೆ ರಿನ್ಸಿಯೇ ಅಂದಳು:

“ಅದು ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಅವರ ಹತ್ರವೇ ಕೇಳ್ಬಾರ್ದಾ?”

ಜೋಬಿನ್ ಬಗ್ಗಿ ಚೂರಿ ಎತ್ತಿಕೊಂಡ. “ಬರುವ ಆದಿತ್ಯವಾರ ಮನೆಯವರನ್ನು ನೋಡ್ಲಿಕ್ಕೆ ಬಿಡ್ತಾರೆ. ನೀವೂ ಬನ್ನಿ. ತಪ್ಪು ನಿಮ್ಮದು, ನೀವೇ ಹೇಳಿ.”

ಕಾನ್ವೆಂಟಿನ ಸಂದರ್ಶಕರ ಕೋಣೆಯಲ್ಲಿ ಫಿನಾಯಿಲಿನ ವಾಸನೆ. ಬಿಳಿ ಸೀರೆಯ ಅನಿಟಾ ಓಡುತ್ತಲೇ ಬಂದಳು. ಬಾಗಿಲಲ್ಲಿ ನೆನಪಾಗಿ ನಡಿಗೆ ನಿಧಾನ ಮಾಡಿದಳು. ರಿನ್ಸಿ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಒಂದನ್ನೂ ಬಿಡಲಿಲ್ಲ.

ಅನಿಟಾ ಅಣ್ಣನ ಕಡೆ ತಿರುಗಿ ಮನೆಯ ಮಲಯಾಳದಲ್ಲೇ ಕರೆದಳು.

“ಚೇಟ್ಟಾ, ಅದರಲ್ಲಿ ಎಂತ ಉಂಟು ಗೊತ್ತುಂಟಾ? ನಿನಗೆ ಬರೆದ ಕಾಗದಗಳು. ಹದಿನೇಳು. ಸಿಸ್ಟರ್ ಆಗುದು ಅಂತ ಎರಡು ವರ್ಷ ಹಿಂದೆಯೇ ನಾನು ನಿಶ್ಚಯ ಮಾಡಿದ್ದೆ. ಪ್ರತಿ ಸಲ ಬರೆಯುದು, ನಿನ್ನ ಮುಖ ನೋಡುದು, ಕೊಡದೆ ಇಡುದು. ನನ್ನ ಕೈಯಿಂದಲೇ ಅಳಿಸ್ಲಿಕ್ಕೆ ಮನಸ್ಸೂ ಬರ್ಲಿಲ್ಲ. ನೀನು ಅದನ್ನು ಓದಿದ್ರೆ, ತಂಗಿ ಎರಡು ವರ್ಷ ನನ್ನ ಎದುರು ನಾಟಕ ಮಾಡಿದ್ಲು ಅಂತ ನೊಂದ್ಕೊಳ್ತಿ ಅಂತ ಹೆದರಿಕೆ.”

“ಹೇಳ್ಬಹುದಿತ್ತಲ್ಲ ಮೋಳೇ...”

“ಈಗ ಹೇಳ್ತೇನೆ. ನಿನ್ನ ಮೇಲೆ ಪ್ರೀತಿ ಕಡಿಮೆಯಾಗಿ ನಾನು ಹೋದದ್ದಲ್ಲ. ಹದಿನೇಳರಲ್ಲೂ ಇದೇ ಇರುದು.” ಅವಳು ಅಣ್ಣನ ಕಣ್ಣೊರೆಸಿದಳು. “ಬಾಯಲ್ಲಿ ಹೇಳಿ ಆಯ್ತಲ್ಲ. ಇನ್ನು ಅಳಿಸಿ.”

ಹೊರಡುವಾಗ ರಿನ್ಸಿಯ ಕೈ ಹಿಡಿದು, “ನೋಡ್ಲಿಲ್ಲ ಅಂದ್ರಲ್ಲ, ನಾನು ನಂಬ್ತೇನೆ. ತಪ್ಪು ಹೇಳ್ಲಿಕ್ಕೆ ಇಷ್ಟು ದೂರ ಯಾರು ಬರ್ತಾರೆ?” ಎಂದಳು.

ಗೇಟಿನ ಹೊರಗೆ, ಜೀಪಿನ ಬಳಿ ಜೋಬಿನ್ ನಿಂತ. ಹಾರ್ಡ್‌ಡಿಸ್ಕ್ ಅವನ ಕೈಯಲ್ಲೇ ಇತ್ತು. ಅದನ್ನು ರಿನ್ಸಿಯ ಅಂಗೈಯಲ್ಲಿಟ್ಟು ಅವಳ ಬೆರಳುಗಳನ್ನು ಮಡಚಿದ.

“ನೀವೇ ಅಳಿಸಿ.”

“ನಿಮ್ಮ ಎದುರು?”

“ಬೇಡ. ನೀವು ಅಳಿಸಿದೆ ಅಂದ್ರೆ ಸಾಕು.”

“ಅಳಿಸ್ತೇನೆ” ಎಂದಳು ರಿನ್ಸಿ. ಒಮ್ಮೆ ಸುಳ್ಳು ಹೇಳಿದವಳನ್ನು ಇವನು ಮತ್ತೆ ನಂಬುತ್ತಿದ್ದಾನೆ!

ಉಪ್ಪಿನಂಗಡಿ ದಾಟಿದ ಮೇಲೆ ಒಂದು ಕಡೆ ಅವನು ಜೀಪನ್ನು ರಸ್ತೆಯ ಬದಿಗೆ ಇಳಿಸಿ ನಿಲ್ಲಿಸಿದ. ಸ್ಟಿಯರಿಂಗ್ ಮೇಲಿನ ಕೈ ತೆಗೆಯದೆ ಹೇಳಿದ:

“ಆ ಗುರುವಾರ ನಾನು ಕೀಬೋರ್ಡ್ ಕೇಳ್ಲಿಕ್ಕೆ ಬಂದದ್ದಲ್ಲ ರಿನ್ಸಿ.”

“ಗೊತ್ತುಂಟು. ತಂಗಿಯ ಲ್ಯಾಪ್‌ಟಾಪ್ ನೋಡ್ಲಿಕ್ಕೆ.”

“ಸೋಮವಾರ ಅದಕ್ಕೆ. ಗುರುವಾರ... ನಿಮ್ಮನ್ನು ನೋಡ್ಲಿಕ್ಕೆ.”

ಮಾಘದ ಬಿಸಿಲು ಗಾಜಿನ ಮೇಲೆ ಬಿದ್ದಿತ್ತು. ರಿನ್ಸಿ ಕಿಟಕಿಯಾಚೆ ನೋಡಿದಳು. ಮುಖ ಕಾಣಿಸಬಾರದೆಂದು ನೋಡಿದರೂ ಕಿವಿ ಕೆಂಪಾದದ್ದು ಅಡಗಲಿಲ್ಲ.

“ಮುಂದಿನ ಆದಿತ್ಯವಾರ ಅಪ್ಪ ಅಮ್ಮನನ್ನು ಕರ್ಕೊಂಡು ನಿಮ್ಮ ಮನೆಗೆ ಬಂದ್ರೆ... ನಿಮ್ಮ ಅಪ್ಪ ಎಂತ ಹೇಳ್ಯಾರು?”

“ಅಪ್ಪನ ವಿಷಯ ಮತ್ತೆ. ಮೊದಲು ನನ್ನ ಹತ್ರ ಕೇಳಿ.”

ಅವನು ಅವಳ ಕಡೆ ಪೂರ್ತಿ ತಿರುಗಿದ. “ಕೇಳ್ತಾ ಇದ್ದೇನೆ. ಬರ್ಲಾ?”

“ಬನ್ನಿ...” ಎಂದಳು ರಿನ್ಸಿ, ತನಗೇ ಕೇಳಿಸದಷ್ಟು ಮೆಲ್ಲಗೆ. ಆಮೇಲೆ ಸ್ವಲ್ಪ ಗಟ್ಟಿಯಾಗಿ, “ಚರ್ಚಲ್ಲಿ ಕುರ್ಬಾನ ಮುಗಿಸಿ ಬನ್ನಿ. ಊಟಕ್ಕೆ ಮರಗೆಣಸಿನ ಕಪ್ಪ, ಮೀನು ಮಾಡ್ತೇವೆ.”

“ಮಾಡುದು ನೀವಾ?”

“ಅಮ್ಮ ಮಾಡುದು. ನಾನು ಕಪ್ಪದ ಸಿಪ್ಪೆ ತೆಗೆಯುದು.”

ಜೋಬಿನ್ ಜೀಪು ಚಾಲೂ ಮಾಡಿದ. ನಗು ಅವನ ಮುಖದಿಂದ ಇಳಿಯುತ್ತಲೇ ಇರಲಿಲ್ಲ.

“ಹಾಗಾದ್ರೆ ಅಪ್ಪ ಅಮ್ಮ ಊಟದ ಹೊತ್ತಿಗೆ ಬರ್ಲಿ. ನಾನು ಸಿಪ್ಪೆ ತೆಗೆಯುವ ಹೊತ್ತಿಗೇ ಬರ್ತೇನೆ.”