ಬಲಗಡೆ ಟೊಳ್ಳಿನ ಗಿಲಕಿ

ಕೊಲಾರ್ಡ್ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಹಲ್ಲಿಗೆ ಮರಳು ಸಿಗುತ್ತದೆ. ವರ್ನೀಸ್ ಎರಡನೆಯ ನೀರಿಗೆ ಕೈಯಿಟ್ಟಿದ್ದಳು, ಜಾಲರಿ ಬಾಗಿಲು ಬಡಿಯಿತು. ಪಕ್ಕದ ಮನೆಯ ಮುದುಕಿ ಮಿಸ್ ಇಡೆಲ್ಲಾ. ಕೋಲು ಕೂಡ ಹಿಡಿಯದೆ ಓಡಿಬಂದಿದ್ದಳು.

"ನಿನ್ನೆ ನಿನ್ನ ಮಗಳು ಹೊತ್ತು ತಂದಳಲ್ಲ ಕೆಂಪು ಗಿಟಾರು, ಅದು ನಮ್ಮಣ್ಣ ಓಥೋಂದು."

"ಹಳೇ ಸಾಮಾನಿನ ಅಂಗಡೀಲಿ ಕೊಂಡಿದ್ದು, ಮಿಸ್ ಇಡೆಲ್ಲಾ. ಕದ್ದಿದ್ದಲ್ಲ."

"ಕದ್ದಿದ್ರೆ ವಾಸಿಯಿತ್ತು ಮಗಾ. ವಾಪಸ್ ಇಟ್ಟು ಬರಬಹುದಿತ್ತು."

ವರ್ನೀಸ್ ನಕ್ಕಳು. ಡೆಟ್ರಾಯಿಟ್ ಬಿಟ್ಟು ಮಿಸಿಸಿಪ್ಪಿಯ ಈ ಸಣ್ಣ ಊರಿಗೆ ಬಂದು ಎರಡು ತಿಂಗಳಾಗಿತ್ತು. ಸ್ವಂತ ಗಿಟಾರ್ ತಂದರೆ ಭಾನುವಾರದಿಂದ ಚರ್ಚಿನ ವಾದ್ಯದವರ ಜೊತೆ ಕೂರಬಹುದೆಂದು ಹನ್ನೊಂದು ವರ್ಷದ ಟೆಂಪಿಗೆ ಮಾತು ಕೊಟ್ಟಿದ್ದರು. ತಾಯಿ ಮಗಳು ಎಷ್ಟು ಅಂಗಡಿ ಅಲೆದರೋ. ಅಗ್ಗದವಕ್ಕೆ ಕುತ್ತಿಗೆ ಬಾಗಿರುತ್ತಿತ್ತು. ಪೂರಾ ಟೊಳ್ಳಿನವು ಕರೆಂಟಿನ ಸ್ಪೀಕರಿಗೆ ಜೋಡಿಸಿ ಸದ್ದು ಏರಿಸಿದರೆ ಊಳಿಡುತ್ತಿದ್ದವು. ಇದೊಂದೇ ಹೇಳಿ ಮಾಡಿಸಿದಂತಿತ್ತು. ನಡುವೆ ಉದ್ದಕ್ಕೂ ಮರದ ದಿಮ್ಮಿ, ಎರಡೂ ಪಕ್ಕಕ್ಕೆ ಟೊಳ್ಳು, ಟೊಳ್ಳಿನ ಮೇಲೆ ಬಾಗಿದ ಸೀಳು. ಜೇನಿನಂಥ ನಾದ. ಬೆಲೆಯೂ ಕೈಗೆಟಕುವಷ್ಟೇ. ಒಂದೇ ಕೊರತೆ, ಒಳಗೆ ಏನೋ ಗಿಲಿಗುಟ್ಟುತ್ತಿತ್ತು.

ಮುದುಕಿ ಕೂರಲಿಲ್ಲ. "ಎಡಗಡೆ ಟೊಳ್ಳಲ್ಲಿ ಒಂದು ಗಂಟು ಅಂಟಿಸವ್ರೆ. ಅಣ್ಣನ ಮೇಲೆ ಹೊಟ್ಟೆಕಿಚ್ಚಿದ್ದೋನು ಮಾಡಿಸಿದ ಮಾಟ. ಹೆಣದ ಬೆರಳಿದೆ ಅದರಲ್ಲಿ. ಅದು ಕೈ ಬೇಡುತ್ತೆ. ಕಾವಲಿಗೆ ಅಂತ ಬಲಗಡೆ ಟೊಳ್ಳಲ್ಲಿ ನಾವು ಗಿಲಕಿ ಹಾವಿನ ಗಿಲಿಗುಟ್ಟೋ ಬಾಲದ ತುದಿ ಹಾಕಿದ್ವಿ. ಆ ಸದ್ದು ಇರೋತನಕ ಇದು ಮಿಸುಕಲ್ಲ. ತೆಗೀಬೇಡ."

"ಪಿಟೀಲಿನೋರೂ ಹಾಕ್ತಾರಂತಲ್ಲ, ಇಲಿ ಬರದಿರಲಿ ಅಂತ?"

"ಇಲಿಗಾದ್ರೆ ಬೆಕ್ಕು ಸಾಕ್ತಿದ್ದೆ ಕಣೇ," ಎಂದು ಮುದುಕಿ ಮೆಟ್ಟಿಲಿಳಿದಳು.

ವರ್ನೀಸ್ ಕೈ ಒರೆಸಿಕೊಂಡಳು. ಮಗಳು ನುಡಿಸುವಾಗ ಚರ್ಚಿನವರು ನಗಬಾರದು, ಅವಳಿಗೆ ಬೇಕಿದ್ದದ್ದು ಅಷ್ಟೆ. ಗಿಟಾರನ್ನು ಬೋರಲು ಹಿಡಿದು ಅಲ್ಲಾಡಿಸಿದಳು. ಬಲಗಡೆಯ ಸೀಳಿನ ಬಾಯಿಗೆ ಬಂದದ್ದನ್ನು ಚಿಮಟದಲ್ಲಿ ಎಳೆದಳು. ಒಣ ಉಗುರಿನಂಥ ಉಂಗುರಗಳು. ಬಲ ಅಂಗೈಯಲ್ಲೇ ಪುಡಿಯಾದವು. ನಲ್ಲಿ ತಿರುಗಿಸಿ ತೊಳೆದುಬಿಟ್ಟಳು.

"ಈಗ ನುಡಿಸು ಚಿನ್ನಾ."

ಟೆಂಪಿ ತಂತಿ ಮೀಟಿದಳು. ಸ್ವರ ತಿಳಿಯಾಗಿತ್ತು. ಎರಡನೆಯ ಸಲ ಮೀಟಿದಾಗ ವಾಸನೆ ಬಂತು, ಮಳೆಗೆ ಬಾಯ್ದೆರೆದ ಗೋರಿಯದು. ಹೊರಗೆ ಜೀರುಂಡೆಗಳು ಒಮ್ಮೆಗೇ ನಿಂತವು. ಹಾಡುಹಗಲಲ್ಲೇ ಅಡುಗೆಮನೆ ಕಪ್ಪಿಟ್ಟಿತು.

ಬಿರಡೆಗಳು ತಾವಾಗಿಯೇ ತಿರುಗತೊಡಗಿದವು. ಕಿರ್. ಕಿರ್. ತಂತಿ ಬುಡದಿಂದ ಕಳಚಿತು. ಎದ್ದಿತು. ಟೆಂಪಿಯ ಬೆರಳುಗಳಿಗೆ ಸುತ್ತಿಕೊಂಡಿತು. ಇನ್ನೊಂದು ಮಣಿಕಟ್ಟಿಗೆ. ಬಿಗಿಯಿತು. ಚರ್ಮ ಸೀಳಿತು. ರಕ್ತ ಸೊಪ್ಪಿನ ಬೋಗುಣಿಗೆ ಚಿಮ್ಮಿತು.

"ಅಮ್ಮಾ, ಎಳೀತಿದೆ."

ವರ್ನೀಸ್ ಹಂದಿ ಮೂಳೆ ಕಡಿಯುವ ಕತ್ತಿ ಎತ್ತಿದಳು. ಕೆಂಪು ಹಲಗೆಗೆ ಬೀಸಿದಳು. ಹಲಗೆ ಬಿರಿಯಲಿಲ್ಲ. ಕತ್ತಿ ತಾಗದ ಟೆಂಪಿಯ ಭುಜ ಬಿರಿಯಿತು. ಮಗು ಚೀರಿತು. ಎರಡನೆಯ ಏಟಿಗೆ ಎತ್ತಿದ ಕತ್ತಿ ಗಾಳಿಯಲ್ಲೇ ನಿಂತಿತು.

ಬಾಗಿಲಲ್ಲಿ ಮಿಸ್ ಇಡೆಲ್ಲಾ. "ಅದನ್ನ ಹೊಡೀಬೇಡ. ಕಾವಲು ತೆಗೆದ ಕೈ ಯಾವುದು?"

"ನಂದು."

"ಹಾಗಾದ್ರೆ ಕೊಡು. ತಡ ಮಾಡಿದ್ರೆ ಅವಳದ್ದೇ ತಗೊಳ್ಳುತ್ತೆ."

ವರ್ನೀಸ್ ಬಲಗೈಯನ್ನು ತಂತಿಗಳ ನಡುವೆ ತೂರಿಸಿದಳು. ಕ್ಷಣ ಎಲ್ಲ ನಿಂತಿತು. ತಂತಿಗಳು ಮಗುವನ್ನು ಬಿಟ್ಟವು. ತಾಯಿಯ ಮೂರು ಬೆರಳು ಹಿಡಿದವು. ಮೂಳೆ ಸಿಕ್ಕಿತು. ಮೂಳೆ ನುರಿಯಿತು. ಎಳೆತ ಮೊಣಕೈಗೆ ಏರುತ್ತಿತ್ತು. ಕತ್ತಿ ಎಡಗೈಯಲ್ಲಿತ್ತು. ಬೀಸಿದಳು. ಸಾಲಲಿಲ್ಲ. ಇನ್ನೊಮ್ಮೆ.

ಕತ್ತರಿಸಿ ಬಿದ್ದ ಬೆರಳುಗಳನ್ನು ತಂತಿ ಒಂದೊಂದಾಗಿ ಎಡಗಡೆಯ ಸೀಳಿನೊಳಕ್ಕೆ ಎಳೆದುಕೊಂಡಿತು. ನಿಧಾನವಾಗಿ, ಮಗುವಿಗೆ ತುತ್ತಿಡುವಂತೆ.

ಮಿಸ್ ಇಡೆಲ್ಲಾ ಗಿಟಾರನ್ನು ಕಂಬಳಿಯಲ್ಲಿ ಸುತ್ತಿ, ಕಲ್ಲು ಕಟ್ಟಿಸಿ ನದಿಗೆ ಹಾಕಿಸಿದಳು. ಟೆಂಪಿಯ ಕೈ ಉಳಿಯಿತು. ಮಾತು ಮಾತ್ರ ನಿಂತಿತು. ಮೂರು ವಾರ ತುಟಿ ತೆರೆಯಲಿಲ್ಲ. ಕೂತಲ್ಲಿ ನಿಂತಲ್ಲಿ ನದಿಯ ದಿಕ್ಕಿಗೆ ತಲೆ ವಾಲಿಸಿ ಏನನ್ನೋ ಆಲಿಸುವಳು.

ನಾಲ್ಕನೆಯ ವಾರದ ಭಾನುವಾರ ವರ್ನೀಸ್ ಬಲಗೈಯಲ್ಲಿ ಉಳಿದ ಎರಡು ಬೆರಳಿನಿಂದಲೇ ಮಗಳ ಜಡೆ ಹೆಣೆಯುತ್ತಿದ್ದಳು. ಕೂದಲು ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದಳು. ಬ್ಯಾಂಡೇಜಿನೊಳಗೆ ಇಲ್ಲದ ಬೆರಳುಗಳು ಸೆಳೆದವು, ಏನನ್ನೋ ಒತ್ತಿ ಮೀಟಿದಂತೆ.

ಟೆಂಪಿ ತಿರುಗಿ ಆ ಕೈಯನ್ನೇ ನೋಡಿದಳು.

"ಅಮ್ಮಾ, ನೀರಿನ ಕೆಳಗೆ ಅದನ್ನ ನುಡಿಸ್ತಿರೋದು ನಿನ್ನ ಬೆರಳುಗಳಾ?"